ಮಾತಿಗೆ ಮಡಿ ಉಡಿಸಿದರೆ ಕೇರಿ ಊರಾಗುವುದೇ?

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಹಳ್ಳಿಗಳಲ್ಲಿ ನಮ್ಮ ಹಿರಿಯರು ಊರಗೌಡರನ್ನು ತಲೆಮಾರುಗಟ್ಟಲೆ 'ಬುದ್ದಿ' ಅಂತ ಕರೆದರು. ತಲೆ ನರೆತ ಅಜ್ಜನೂ ಗೌಡರ ಮನೆಯ ಹತ್ತು ವರ್ಷದ ಹುಡುಗನಿಗೆ 'ಬುದ್ದೀ' ಅನ್ನಬೇಕಿತ್ತು. ಆ ಹುಡುಗ ಅಜ್ಜನಿಗೆ 'ಬಾರ್ಲಾ' ಅನ್ನುತ್ತಿದ್ದ. ನಿಘಂಟು ತೆಗೆದು ನೋಡಿ. ಬುದ್ಧಿ ಅಂದರೆ ಅರಿವು, ವಿವೇಕ. ಅದಕ್ಕಿಂತ ಪಾಪದ ಪದ ಕನ್ನಡದಲ್ಲಿ ಸಿಕ್ಕುವುದು ಕಷ್ಟ. ಆದರೂ ನಮ್ಮವರ ಬೆನ್ನು ಬಗ್ಗಿಸಿದ ಮಾತುಗಳಲ್ಲಿ ಅದೇ ಮೊದಲನೆಯದು.

ಇನ್ನೊಂದು ಪದ 'ಹಳೇಮಗ'. ಒಂದು ಒಕ್ಕಲ ಮನೆಗೆ ವಂಶಪಾರಂಪರ್ಯವಾಗಿ ಅಂಟಿಕೊಂಡು ದುಡಿಯುವ ಹೊಲೆಯನಿಗೆ ಹಳೇ ಮೈಸೂರಿನಲ್ಲಿ ಇದ್ದ ಹೆಸರು ಅದು. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಕೂತು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರೂ ಈ ಪದವನ್ನು ಗುರುತು ಹಾಕಿಕೊಂಡಿದ್ದಾರೆ. 'ಮಗ' ಅಂತಲೇ ಕರೆದರು ನೋಡಿ! ಮನೆಯ ಮಗನಿಗೆ ಜಮೀನಿನಲ್ಲಿ ಪಾಲು, ಹಳೇಮಗನಿಗೆ ಕಣದಲ್ಲಿ ಉಳಿದ ಕಾಳು. ಮನೆಯ ಮಗ ನಡುಮನೆಯಲ್ಲಿ ಉಂಡರೆ ಹಳೇಮಗನ ಊಟ ಬಾಗಿಲ ಹೊರಗೆ. ಆ ಮನೆಯಲ್ಲಿ ಮದುವೆಯಾದರೆ ಚಾಕರಿಗೆ ಅವನು, ಸಾವಾದರೆ ಸುದ್ದಿ ಹೊತ್ತು ನೆಂಟರೂರಿಗೆ ನಡೆಯಲು ಅವನು. ಪದ ಮುದ್ದು, ಬಾಳು ಜೀತ.

ಈ ಎರಡು ಪದಗಳನ್ನು ಮೊದಲಿಗೇ ಇಟ್ಟದ್ದಕ್ಕೆ ಕಾರಣವಿದೆ. ಈಚೆಗೆ ಜಾತಿಯ ಪ್ರಶ್ನೆ ಎದ್ದಾಗಲೆಲ್ಲ ಜಗಳ ಪದಗಳ ಸುತ್ತಲೇ ಗಿರಕಿ ಹೊಡೆಯುತ್ತಿದೆ. ಒಂದು ಗುಂಪು ಹೇಳುತ್ತದೆ: ಇಂತಿಂಥ ಪದ ಕೆಟ್ಟವು, ಬಾಯಿಂದ ಅಳಿಸಿ, ಕಡತದಿಂದ ಅಳಿಸಿ, ಪುಸ್ತಕದಿಂದ ಅಳಿಸಿ, ಎಲ್ಲ ಸರಿಹೋಗುತ್ತದೆ. ಇನ್ನೊಂದು ಗುಂಪು ಹೇಳುತ್ತದೆ: ನಾವು ಆಡಿದ್ದು ಬರೀ ಗಾದೆ, ಬರೀ ರೂಢಿ ಮಾತು, ನೀವೇ ಸುಮ್ಮಸುಮ್ಮನೆ ಮೈಮೇಲೆ ಎಳಕೊಳ್ತೀರಿ. ನೋಡಲು ಇಬ್ಬರೂ ಎದುರಾಳಿಗಳು. ಆದರೆ ಮಾಡುವ ಕೆಲಸ ಒಂದೇ. ಪದವನ್ನು ಮನುಷ್ಯರಿಂದ ಕಿತ್ತು ಒಂಟಿಯಾಗಿ ತಕ್ಕಡಿಗೆ ಹಾಕುವುದು. ಬಾವಿಗೆ, ಗುಡಿಗೆ, ಅಡಿಗೆಮನೆಗೆ ಕಟ್ಟಿದ್ದ ಮಡಿ ಮೈಲಿಗೆಯನ್ನು ಈಗ ಮಾತಿಗೂ ಕಟ್ಟಲು ಹೊರಟಿದ್ದಾರೆ. ನಾವು ಹೇಳುವುದು ಇಷ್ಟು: ಮೈಲಿಗೆ ಪದದಲ್ಲಿಲ್ಲ. ಯಾರು, ಯಾರಿಗೆ, ಯಾವ ಜಗಲಿಯ ಮೇಲೆ ನಿಂತು ಆ ಮಾತು ಆಡಿದರು ಎಂಬುದರಲ್ಲಿ ಇದೆ. ಇದನ್ನು ಪುಸ್ತಕದ ತತ್ವವಾಗಿ ಹೇಳಬೇಕಿಲ್ಲ. ನಮ್ಮ ನೆಲದ ಚರಿತ್ರೆಯೇ ಸಾಕ್ಷಿ.

ಮೊದಲು ಹೆಸರುಗಳನ್ನು ತೆಗೆದುಕೊಳ್ಳೋಣ. ದೂರದೂರಿಂದ ವರ್ಗವಾಗಿ ಬಂದ ಮೇಷ್ಟರಿಗೆ ಹಾಜರಿ ಕೂಗುವಾಗ 'ಮಾದ' ಎಂಬಲ್ಲಿ ನಾಲಿಗೆ ತಡವರಿಸುವುದುಂಟು. ಮಾದಿಗ ಎಂಬ ಪದ ಕಿವಿಯಲ್ಲಿ ಕೂತಿರುತ್ತದೆ. ಜಾತಿ ಹಿಡಿದು ಕೂಗಿದ ಹಾಗಾಯಿತೇನೋ ಎಂದು ಅಳುಕು. ಆ ಅಳುಕು ಒಳ್ಳೆಯ ಮನಸ್ಸಿನಿಂದ ಬಂದದ್ದೇ ಇರಬಹುದು. ಆದರೆ ನಮ್ಮ ಸೀಮೆಯ ಮಾದ ಅಂದರೆ ಮಹದೇವ. ಮಹದೇವ ಬಾಯಲ್ಲಿ ಮಾದೇವನಾದ, ಮಾದೇವ ಮಾದನಾದ. ಮಳವಳ್ಳಿ, ಕೊಳ್ಳೇಗಾಲದ ದಾರಿ ಹಿಡಿದು ಬೆಟ್ಟಕ್ಕೆ ನಡೆಯುವ ಜನ 'ಉಘೇ ಮಾದಪ್ಪ' ಅಂತ ಕೂಗುವುದು ಇದೇ ಹೆಸರನ್ನು. ಕೇರಿಯಲ್ಲಿ ಮಾದಯ್ಯ, ಮಾದಮ್ಮ ಇದ್ದ ಹಾಗೆಯೇ ಒಕ್ಕಲಗೇರಿಯಲ್ಲಿ ಮಾದೇಗೌಡರಿದ್ದಾರೆ. ಮಂಡ್ಯದಿಂದ ಲೋಕಸಭೆಗೆ ಹೋದವರು, ಕಾವೇರಿ ಚಳವಳಿಯ ಮುಂದಾಳು, 2021ರಲ್ಲಿ ತೀರಿಕೊಂಡ ಜಿ. ಮಾದೇಗೌಡರು. ಅವರ ಹೆಸರನ್ನು ಯಾರೂ ಬೈಗುಳ ಅಂದುಕೊಳ್ಳಲಿಲ್ಲ.

ಹಾಗಾದರೆ ಅವಮಾನ ಎಲ್ಲಿತ್ತು? ಹಳೇ ಕಾಲದಲ್ಲಿ ಶ್ಯಾನುಭೋಗರು ಬರೆದ ರೀತಿ ನೋಡಿ. ಗೌಡರ ಮನೆಯವನಾದರೆ 'ಮಾದೇಗೌಡ ಬಿನ್ ಕರೀಗೌಡ'. ಕೇರಿಯವನಾದರೆ 'ಮಾದ ಬಿನ್ ಕರಿಯ'. ದೇವರು ಒಬ್ಬನೇ, ಹೆಸರು ಒಂದೇ. ಒಬ್ಬನ ಹೆಸರಿಗೆ ಮರ್ಯಾದೆ ಅಂಟಿಸಿದರು, ಇನ್ನೊಬ್ಬನದನ್ನು ಮೊಟಕು ಮಾಡಿದರು. ಅವಮಾನ ಬರೆದ ಪದದಲ್ಲಿ ಇರಲಿಲ್ಲ. ಬರೆಯದೆ ಬಿಟ್ಟ 'ಅಯ್ಯ'ದಲ್ಲಿ ಇತ್ತು. ಕೆಟ್ಟ ಪದಗಳ ಪಟ್ಟಿ ಹಿಡಿದು ಹೊರಟವರಿಗೆ ಇದು ಕಾಣುವುದೇ ಇಲ್ಲ. ಯಾಕಂದರೆ ಬರೆಯದೆ ಬಿಟ್ಟದ್ದನ್ನು ಯಾವ ಪಟ್ಟಿಗೂ ಸೇರಿಸಲು ಆಗುವುದಿಲ್ಲ.

ತಿಪ್ಪಯ್ಯ, ಹುಚ್ಚಯ್ಯ, ಕಲ್ಲಯ್ಯ ಎಂಬ ಹೆಸರುಗಳ ಕಥೆ ಬೇರೆ. ಮನುಸ್ಮೃತಿಯ ಎರಡನೆಯ ಅಧ್ಯಾಯ ಬ್ರಾಹ್ಮಣನ ಹೆಸರು ಮಂಗಳಕರವಾಗಿರಲಿ, ಶೂದ್ರನ ಹೆಸರು ಹೇಸಿಗೆ ಹುಟ್ಟಿಸುವಂತಿರಲಿ ಎಂದು ಕಟ್ಟುಮಾಡುತ್ತದೆ. ಇದನ್ನು ಓದಿದ ನಮ್ಮ ಹುಡುಗರು ಸಿಟ್ಟಿಗೆದ್ದು, ಹಳ್ಳಿಯ ಇಂಥ ಹೆಸರೆಲ್ಲ ಮನುವಿನ ಕೊಡುಗೆ ಎನ್ನುತ್ತಾರೆ. ಸಿಟ್ಟು ನ್ಯಾಯವಾದದ್ದು. ಆದರೆ ಎಲ್ಲವನ್ನೂ ಮನುವಿನ ಖಾತೆಗೆ ಬರೆಯಬೇಡಿ. ಹುಟ್ಟಿದ ಕೂಸುಗಳು ಒಂದರ ಹಿಂದೆ ಒಂದು ಸಾಯುತ್ತಿದ್ದ ಕಾಲದಲ್ಲಿ, ಈ ಕೂಸಾದರೂ ಉಳಿಯಲಿ ಎಂದು ತಾಯಿ ಅದನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪ ಎಂದು ಕರೆದಳು. ಸಾವಿನ ಕಣ್ಣಿಗೆ ಬೇಡವಾಗಲಿ ಎಂದು ಗುಂಡ ಅಂದಳು, ಕಲ್ಲ ಅಂದಳು, ಹುಚ್ಚ ಅಂದಳು. ಈ ಹೆಸರುಗಳು ಒಕ್ಕಲಿಗರಲ್ಲೂ ಉಂಟು, ಕುರುಬರಲ್ಲೂ ಉಂಟು. ಡಾಕ್ಟರಿಲ್ಲದ ಹಳ್ಳಿಯ ತಾಯಿ ಸಾವಿನ ಜೊತೆ ಮಾಡಿದ ಚೌಕಾಶಿ ಅದು. ಅಂಥ ಹೆಸರನ್ನು ಅಸಹ್ಯ ಎಂದು ಮೇಷ್ಟರು ಹೊಡೆದುಹಾಕಿ ಸುರೇಶ, ರಮೇಶ ಎಂದು ಬರೆದರೆ ಅಳಿಸಿಹೋಗುವುದು ಆ ತಾಯಿಯ ಕಣ್ಣೀರೇ ಹೊರತು ಮನು ಅಲ್ಲ.

'ಕರಿಯ' ಎಂಬ ಪದವೂ ಹಾಗೆಯೇ. ಕರಿಯಪ್ಪ, ಕರಿಯಮ್ಮ, ಕರೀಗೌಡ ನಮ್ಮಲ್ಲಿ ಮನೆಮನೆಯ ಹೆಸರುಗಳು. 2024ರ ನವೆಂಬರ್‌ನಲ್ಲಿ ಮದ್ದೂರಿಗೆ ಅಂಟಿಕೊಂಡ ಚನ್ನಪಟ್ಟಣದಲ್ಲಿ ಉಪಚುನಾವಣೆ ನಡೆದಾಗ ಸಚಿವ ಜಮೀರ್ ಅಹಮದ್ ಖಾನರು ಮಂಡ್ಯದ ಸಂಸದ ಎಚ್.ಡಿ. ಕುಮಾರಸ್ವಾಮಿಯವರ ಮೈಬಣ್ಣ ಹಿಡಿದು ಮಾತಾಡಿದರು. ಎದುರು ಪಕ್ಷದವರು ಇದು ವರ್ಣನಿಂದನೆ ಎಂದರು. ಆಡಿದವರು ಇದು ಹಿಂದಿನಿಂದಲೂ ಇದ್ದ ಸಲಿಗೆಯ ಮಾತು ಎಂದರು. ಕ್ಷಮೆಯೂ ಆಯಿತು. ಎರಡು ಮಾತೂ ಅರ್ಧ ನಿಜ. ಗೆಳೆಯರ ನಡುವೆ 'ಕರಿಯ' ಅಂದರೆ ಸಲಿಗೆ. ಓಟಿನ ವೇದಿಕೆ ಮೇಲಿಂದ ಎದುರಾಳಿಗೆ ಅಂದರೆ ಅದು ಸಲಿಗೆಯಾಗಿ ಉಳಿಯುವುದಿಲ್ಲ. ಪದ ಅದೇ, ಜಗಲಿ ಬದಲಾಯಿತು.

ಇನ್ನು ನಮ್ಮದೇ ಹೆಸರಿಗೆ ಬರೋಣ. ಕಿಟ್ಟೆಲರ 1894ರ ನಿಘಂಟು 'ಹೊಲೆ' ಅಂದರೆ ಅಶುದ್ಧಿ, ಮೈಲಿಗೆ ಎಂದು ಬರೆಯುತ್ತದೆ. ಹೊಲೆಯ ಎಂಬುದು ಅಲ್ಲಿಂದ ಬಂತು ಎನ್ನುವವರಿದ್ದಾರೆ. ಅಲ್ಲ, 'ಹೊಲ'ದಿಂದ ಬಂತು, ಹೊಲದ ಮನುಷ್ಯ ಹೊಲೆಯ ಎನ್ನುವವರೂ ಇದ್ದಾರೆ. ಈ ಎರಡನೆಯ ವಾದ ನಿನ್ನೆ ಮೊನ್ನೆಯದಲ್ಲ, ಬ್ರಿಟಿಷ್ ಕಾಲದ ಬರಹಗಳಲ್ಲೇ ಇದೆ. ಇನ್ನೂ ಗಟ್ಟಿ ಸಾಕ್ಷಿ ಒಂದಿದೆ. ಮೈಸೂರು ಸಂಸ್ಥಾನದಲ್ಲಿ ಅಧಿಕಾರಿಯಾಗಿದ್ದ ಮ್ಯಾಕೆಂಜಿ ಎಂಬಾತ 1873ರಲ್ಲಿ ಕುಳವಾಡಿಯ ಬಗ್ಗೆ ಬರೆದ. ಕುಳವಾಡಿ ಅಂದರೆ ಕೇರಿಯ ಹೊಲೆಯ, ಊರಿನ ಚಾಕರ. ಎರಡು ಊರಿನ ನಡುವೆ ಎಲ್ಲೆಯ ವ್ಯಾಜ್ಯ ಬಂದರೆ ಅವನು ಊರ ಮಣ್ಣಿನ ಉಂಡೆಯನ್ನು, ನಡುವೆ ನೀರಿಟ್ಟು, ತಲೆಯ ಮೇಲೆ ಹೊತ್ತು ನಡೆಯುತ್ತಾನೆ. ಅವನು ನಡೆದ ಗೆರೆಯೇ ಎಲ್ಲೆ. ಅದರ ಮೇಲೆ ಅಪೀಲಿಲ್ಲ.

ಗೆಳೆಯರೇ, ಇದನ್ನು ಓದಿ ಹೆಮ್ಮೆಪಟ್ಟು ಸುಮ್ಮನಾಗಬೇಡಿ. ಊರಿನ ಪ್ರತಿ ಹೊಲದ ಎಲ್ಲೆ ಬಲ್ಲವನಿಗೆ ಸ್ವಂತಕ್ಕೆ ಹೊಲ ಎಷ್ಟಿತ್ತು? ಚಾಕರಿಗೆ ಕೊಟ್ಟ ತುಂಡು ಇನಾಮು ಬಿಟ್ಟರೆ ಏನಿತ್ತು? 'ಹೊಲ'ದಿಂದ ಬಂತೆಂದು ಪಂಡಿತರು ಸಾಧಿಸಿದ ಮಾತ್ರಕ್ಕೆ ಹೊಲ ಬರುವುದಿಲ್ಲ. 'ಹೊಲೆ'ಯಿಂದ ಬಂತೆಂದು ಸಾಧಿಸಿದರೆ ನಾವು ಕೊಳೆಯಾಗುವುದೂ ಇಲ್ಲ. ಪದದ ಹುಟ್ಟು ಬೇರೆ, ಪದದ ಬಳಕೆ ಬೇರೆ. ನಮ್ಮ ಆಡುಮಾತಿನಲ್ಲಂತೂ ಹಕಾರ ನಿಲ್ಲುವುದೇ ಇಲ್ಲ. 'ವಲಕ್ಕೆ ಹೋಗ್ಬುಟ್ಟು ಬತ್ತೀನಿ' ಅನ್ನುವವನ ಬಾಯಲ್ಲಿ ಹೊಲವೇ ಉಳಿದಿಲ್ಲ. ಬಟ್ಟೆ ಹೊಲಿಯುವುದು, ಒಲೆ ಉರಿಸುವುದು, ಹೊಲ ಉಳುವುದು ಎಲ್ಲ ಅಕ್ಕಪಕ್ಕ ಕೂತ ಪದಗಳು. ಕಿವಿಗೆ ಒಂದೇ ಥರ ಕೇಳಿಸಿತೆಂದು ಬೆದರುವವರು ಕನ್ನಡದ ಅರ್ಧ ಒಕ್ಕಲುತನವನ್ನೇ ಬಾಯಿಮುಚ್ಚಿಸಬೇಕಾಗುತ್ತದೆ.

ಈಗ ಸರ್ಕಾರ ಮಾತಿಗೆ ಉಡಿಸಿದ ಮಡಿಯ ಕಥೆ. ಹಳೇ ಕಡತಗಳಲ್ಲಿ ನಮ್ಮವರು ಹೊಲೆಯ, ಮಾದಿಗ. ಆಮೇಲೆ 'ಪಂಚಮ' ಎಂದರು. ವರ್ಣ ನಾಲ್ಕು, ಲೆಕ್ಕಕ್ಕೆ ಸಿಗದವರು ಐದನೆಯವರು. 1920ರ ದಶಕದ ಹೊತ್ತಿಗೆ ಮೈಸೂರು ಸಂಸ್ಥಾನದ ಕಾಗದಗಳಲ್ಲಿ 'ಆದಿ ಕರ್ನಾಟಕ', 'ಆದಿ ದ್ರಾವಿಡ' ಎಂಬ ಹೆಸರುಗಳು ಬಂದವು. ಇವುಗಳ ಹಿಂದೆ ನಮ್ಮ ಹಿರಿಯರ ಸ್ವಾಭಿಮಾನವೂ ಇತ್ತು. ಈ ನೆಲದ ಮೂಲದವರು ನಾವು ಎಂಬ ಘೋಷಣೆ ಅದರಲ್ಲಿತ್ತು. ಅದನ್ನು ನಾವು ಹಗುರಾಗಿ ಕಾಣುವುದಿಲ್ಲ. ಆದರೆ ಹಳ್ಳಿಯಲ್ಲಿ ಏನಾಯಿತು? ಆದಿ ಕರ್ನಾಟಕ ಎ.ಕೆ. ಆಯಿತು. ಹೊಲಗೇರಿ 'ಎ.ಕೆ. ಕಾಲೋನಿ' ಆಯಿತು. ಸ್ವಲ್ಪ ದಿನದಲ್ಲೇ 'ಅವ್ನು ಎ.ಕೆ. ಕಣ್ಲಾ' ಎಂಬ ಪಿಸುಮಾತಿಗೆ ಹಿಂದೆ 'ಹೊಲೆಯ' ಎಂಬ ಪದಕ್ಕಿದ್ದ ಮುಖಭಾವವೇ ಬಂತು. ಬಾವಿ ಬದಲಾಗಲಿಲ್ಲ, ಲೋಟ ಬದಲಾಗಲಿಲ್ಲ. ಹೊಸ ಪದಕ್ಕೆ ಹಳೇ ಮೈಲಿಗೆ ತಾನಾಗಿಯೇ ಹತ್ತಿಕೊಂಡಿತು.

'ಹರಿಜನ'ದ ಕಥೆಯೂ ಇದೇ. ಗಾಂಧೀಜಿ 1932-33ರಲ್ಲಿ ಆ ಹೆಸರನ್ನು ದೇಶಕ್ಕೆಲ್ಲ ಹಬ್ಬಿಸಿದರು. ಹರಿಜನ ಪ್ರವಾಸ ಮಾಡುತ್ತ 1934ರ ಜನವರಿಯಲ್ಲಿ ಮೈಸೂರು ಸಂಸ್ಥಾನಕ್ಕೂ ಬಂದರು. ದೇವರ ಮಕ್ಕಳು! ಇದಕ್ಕಿಂತ ಮಡಿಯಾದ ಹೆಸರುಂಟೆ? ಆದರೆ 1938ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಕಾನೂನಿನೊಳಗೆ ಆ ಪದ ಸೇರಿಸಲು ಹೊರಟಾಗ ಅಂಬೇಡ್ಕರರೂ ಅವರ ಸಂಗಡಿಗರೂ ಸಭೆ ಬಿಟ್ಟು ಹೊರನಡೆದರು. ನಮ್ಮನ್ನು ಕೇಳದೆ ನಮಗೆ ಹೆಸರಿಡುವ ಅಧಿಕಾರ ಯಾರು ಕೊಟ್ಟರು ಎಂಬುದೇ ಅಲ್ಲಿದ್ದ ಪ್ರಶ್ನೆ. 1982ರಲ್ಲಿ ಕೇಂದ್ರ ಸರ್ಕಾರವೇ ಜಾತಿ ಪತ್ರಗಳಲ್ಲಿ 'ಹರಿಜನ' ಎಂದು ಬರೆಯಬೇಡಿ ಎಂದು ರಾಜ್ಯಗಳಿಗೆ ತಿಳಿಸಿತು. ಐವತ್ತು ವರ್ಷದಲ್ಲಿ ಪೂಜೆಯ ಹೆಸರು ಬೈಗುಳವಾಗಿತ್ತು. ಈಗ 'ಕಾಲೋನಿ'ಯ ಸರದಿ. 2024ರ ಜೂನ್‌ನಲ್ಲಿ ಕೇರಳ ಸರ್ಕಾರ, 2025ರ ಏಪ್ರಿಲ್‌ನಲ್ಲಿ ತಮಿಳುನಾಡು ಸರ್ಕಾರ ಆ ಪದವನ್ನು ಕೈಬಿಡುವುದಾಗಿ ಹೇಳಿದವು. ಬಿಡಲಿ, ಬೇಡವೆನ್ನುವುದಿಲ್ಲ. ನಾಳೆ ಬರುವ 'ನಗರ'ಕ್ಕೂ ಚರಂಡಿ ಇಲ್ಲದಿದ್ದರೆ ಆ 'ನಗರ'ವೂ ಕೊಳೆಯುತ್ತದೆ ಎಂದಷ್ಟೇ ಹೇಳುತ್ತೇವೆ.

ಇಲ್ಲಿಯವರೆಗೆ ಸಭ್ಯ ಪದ ಮೈಲಿಗೆಯಾದದ್ದನ್ನು ನೋಡಿದೆವು. ಇನ್ನು ಪಾಪದ ಪದವೊಂದು ನಮ್ಮ ತಲೆ ಒಡೆಸಿದ ಚರಿತ್ರೆ ನೋಡಿ. ಬೂಸಾ. ಮಂಡ್ಯ ಸೀಮೆಯ ದನ ಕಟ್ಟಿದವರ ಮನೆಯಲ್ಲಿ ಬೂಸಾ ಮೂಟೆ ಇಲ್ಲದೆ ಇರುವುದಿಲ್ಲ. ಬೂಸಾ ಬೆಲೆ ಏರಿದರೆ ಡೈರಿಯ ಮುಂದೆ ನಿಂತವರೆಲ್ಲ ಗೊಣಗುತ್ತಾರೆ. ಕಾಳಿನ ಸಾರ ತೆಗೆದು ಉಳಿದ ಹೊಟ್ಟು, ದನದ ಮೇವು. ಅಷ್ಟೇ. 1973ರ ನವೆಂಬರ್‌ನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಆಗ ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಹೆಚ್ಚಿದೆ ಎಂದರು. ತಲೆಯ ಮೇಲೆ ಮಲ ಹೊರುವ ಪದ್ಧತಿ ನಿಲ್ಲಿಸಲು ಹೊರಟಿದ್ದ ಮಂತ್ರಿ ಅವರು. ನಮ್ಮ ಜನರ ಬದುಕು ಆ ಸಾಹಿತ್ಯದಲ್ಲಿ ಎಲ್ಲಿದೆ ಎಂಬ ಸಂಕಟ ಆ ಮಾತಿನ ಹಿಂದೆ ಇತ್ತು.

ನಾಡಿಗೆ ಬೆಂಕಿ ಬಿತ್ತು. ಕನ್ನಡ ತಾಯಿಗೆ ಅವಮಾನವಾಯಿತು ಎಂದು ವಿದ್ಯಾರ್ಥಿಗಳನ್ನು ಬೀದಿಗಿಳಿಸಿದರು. ಮೈಸೂರಲ್ಲಿ, ಬೆಂಗಳೂರಲ್ಲಿ ದಲಿತ ಹುಡುಗರ ಮೇಲೆ ಹಲ್ಲೆಯಾಯಿತು. ಬಸವಲಿಂಗಪ್ಪನವರು ಮಂತ್ರಿ ಸ್ಥಾನ ಬಿಡಬೇಕಾಯಿತು. ಕುವೆಂಪು ಅವರಂಥವರು ಬಸವಲಿಂಗಪ್ಪನವರ ಪರ ನಿಂತರೂ ಬೆಂಕಿ ಆರಲಿಲ್ಲ. ಸಾಹಿತಿಗಳು ಒಬ್ಬರನ್ನೊಬ್ಬರು ಟೀಕಿಸಿದ್ದು ಅದು ಮೊದಲಲ್ಲ. ನವ್ಯದವರು ಹಿಂದಿನವರ ಪದ್ಯಗಳನ್ನು ಎಷ್ಟು ಗೇಲಿ ಮಾಡಿರಲಿಲ್ಲ! ಆಗ ಯಾರ ಹಾಸ್ಟೆಲಿಗೂ ಕಲ್ಲು ಬೀಳಲಿಲ್ಲ. ಹಾಗಾದರೆ ಅಪರಾಧ ಬೂಸಾ ಎಂಬ ಪದದ್ದಲ್ಲ, ಅದನ್ನು ಹೊಲೆಯನೊಬ್ಬ ಆಡಿದ್ದು. ದಿನಕ್ಕೆ ನೂರು ಸಲ 'ಹೊಲೆಯ' ಎಂಬುದನ್ನು ಬೈಗುಳವಾಗಿ ಬಳಸಿ ಏನೂ ಆಗಿಲ್ಲವೆಂಬಂತೆ ಊಟಕ್ಕೆ ಕೂರುತ್ತಿದ್ದವರಿಗೆ ದನದ ಮೇವಿನ ಹೆಸರು ಸಹಿಸಲಾಗದ ಅವಮಾನವಾಯಿತು. ಯಾವ ಪದ ಬೈಗುಳ ಎಂದು ತೀರ್ಮಾನಿಸುವ ಅಧಿಕಾರ ಯಾರ ಕೈಯಲ್ಲಿದೆ, ಯಾರ ನೋವು ನೋವೆಂದು ಲೆಕ್ಕಕ್ಕೆ ಬರುತ್ತದೆ, ಇದೇ ಬೂಸಾ ಪ್ರಕರಣ ಕಲಿಸಿದ ಪಾಠ.

ಇದನ್ನು ಅಮೆರಿಕದ ಒಂದು ಘಟನೆಯ ಪಕ್ಕದಲ್ಲಿ ಇಟ್ಟು ನೋಡಿ. 1999ರ ಜನವರಿಯಲ್ಲಿ ವಾಷಿಂಗ್ಟನ್ ನಗರದ ಮೇಯರ್ ಕಚೇರಿಯ ಡೇವಿಡ್ ಹೋವರ್ಡ್ ಎಂಬ ಬಿಳಿಯ ಅಧಿಕಾರಿ ಬಜೆಟ್ ಮಾತಾಡುತ್ತ 'ನಿಗರ್ಡ್ಲಿ' ಎಂಬ ಇಂಗ್ಲಿಷ್ ಪದ ಬಳಸಿದ. ಜಿಪುಣತನ ಎಂಬುದು ಅದರ ಅರ್ಥ. ಕರಿಯರನ್ನು ಹಳಿಯುವ ಪದಕ್ಕೂ ಇದಕ್ಕೂ ನೆಂಟಸ್ತಿಕೆ ಇಲ್ಲ, ಸದ್ದು ಮಾತ್ರ ಹತ್ತಿರ. ಗದ್ದಲವಾಗಿ ಅವನು ಕೆಲಸ ಬಿಟ್ಟ. ಆಗ ಕರಿಯರ ಹಕ್ಕುಗಳ ದೊಡ್ಡ ಸಂಘಟನೆಯ ಅಧ್ಯಕ್ಷರಾಗಿದ್ದ ಜೂಲಿಯನ್ ಬಾಂಡ್ ಅವರೇ ಈ ಆತುರ ತಪ್ಪು ಎಂದರು. ಮೇಯರ್ ಅವನನ್ನು ಮತ್ತೆ ಕರೆದು ಕೆಲಸ ಕೊಟ್ಟರು. ನೊಂದ ಜನರ ನಾಯಕರೇ ಪಾಪದ ಪದವನ್ನು ಗುರುತಿಸಿ ಬಿಟ್ಟುಕೊಟ್ಟರು. ಇಲ್ಲಿ 1973ರಲ್ಲಿ ನೋಯಿಸುವ ಶಕ್ತಿ ಇದ್ದವರೇ ನೊಂದವರ ವೇಷ ಹಾಕಿದರು.

ಆ ಏಟುಗಳಿಂದಲೇ ನಮ್ಮ ಚಳವಳಿ ಮೈದಳೆಯಿತು. ಬಿ. ಕೃಷ್ಣಪ್ಪನವರ ಮುಂದಾಳುತನದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದ್ದು, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ್ದು ಎಲ್ಲ ಅದರ ಬೆನ್ನಿಗೆ. ನಮ್ಮವರು ಆಗ ಮಾಡಿದ್ದೇನು? ಸಭ್ಯ ಪದ ಹುಡುಕಲಿಲ್ಲ. 1975ರಲ್ಲಿ ಸಿದ್ಧಲಿಂಗಯ್ಯನವರ ಮೊದಲ ಸಂಕಲನಕ್ಕೆ 'ಹೊಲೆಮಾದಿಗರ ಹಾಡು' ಎಂದೇ ಹೆಸರಿಟ್ಟರು. ಎಸೆದ ಕಲ್ಲನ್ನೇ ಎತ್ತಿ ಅಡಿಪಾಯಕ್ಕೆ ಹಾಕಿದರು. 'ದಲಿತ' ಎಂಬ ಪದವನ್ನು ಯಾರೂ ದಾನ ಕೊಡಲಿಲ್ಲ, ನಾವೇ ಆರಿಸಿಕೊಂಡದ್ದು. ವಿಚಿತ್ರ ನೋಡಿ, 2018ರ ಆಗಸ್ಟ್‌ನಲ್ಲಿ ಕೇಂದ್ರದ ವಾರ್ತಾ ಇಲಾಖೆ ಸುದ್ದಿ ಮಾಧ್ಯಮಗಳಿಗೆ 'ದಲಿತ' ಎಂಬ ಪದ ಬಳಸಬೇಡಿ, 'ಪರಿಶಿಷ್ಟ ಜಾತಿ' ಎನ್ನಿ ಎಂದು ಸಲಹೆ ಕಳಿಸಿತು. ಪದಗಳ ಮಡಿ ಕೊನೆಗೆ ಬಂದು ನಿಲ್ಲುವುದು ಇಲ್ಲಿಗೇ. ಬೈಗುಳ ಅಳಿಸುತ್ತೇವೆಂದು ಹೊರಟ ಕೈ ನಮ್ಮ ಹೋರಾಟದ ಹೆಸರನ್ನೂ ಅಳಿಸುತ್ತದೆ.

ನಮ್ಮ ಸೀಮೆಯ ಜನಪದರು ಇದನ್ನು ಬಹಳ ಹಿಂದೆಯೇ ಅರಿತಿದ್ದರು. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿಯ ನೆಲೆ. ನೀಲಗಾರರು ತಂಬೂರಿ ಹಿಡಿದು ಹಾಡುವ ಕಥೆಯಲ್ಲಿ ಮಂಟೇಸ್ವಾಮಿ ಕಲ್ಯಾಣಕ್ಕೆ ಬರುವುದು ನಾರುವ ಮೈಯ, ಕೆಳಜಾತಿಯ ಭಿಕ್ಷುಕನಾಗಿ. ಸಮಾನತೆ ಬೋಧಿಸುವ ಊರಿನ ಬಾಗಿಲಲ್ಲೇ ಅವನನ್ನು ತಡೆಯುತ್ತಾರೆ. ಅವನ ಶಿಷ್ಯ ಸಿದ್ದಪ್ಪಾಜಿ ಅದೇ ಮಳವಳ್ಳಿಯ ಹಲಗೂರಿಗೆ ಕಬ್ಬಿಣ ಕೇಳಲು ಹೋಗಿ ಪಾಂಚಾಳರಿಂದ ಪಡಬಾರದ ಪಾಡು ಪಡುತ್ತಾನೆ. ಈ ಕಥೆಗಳ ಬೈಗುಳಗಳನ್ನೆಲ್ಲ ಸೋಸಿ ಪಠ್ಯಪುಸ್ತಕಕ್ಕೆ ಹಾಕಿ ನೋಡಿ. ತಡೆದವರಿಲ್ಲ, ಬೈದವರಿಲ್ಲ, ಬಾಗಿಲೂ ಇಲ್ಲ. ಹಾಗಾದರೆ ಮಂಟೇಸ್ವಾಮಿ ಗೆದ್ದದ್ದು ಏನನ್ನು? ಕಥೆಯಿಂದ ಬೈಗುಳ ತೆಗೆದರೆ ಉಳಿದುಕೊಳ್ಳುವುದು ಬೈದವನ ಮಾನ, ಬೈಸಿಕೊಂಡವನದಲ್ಲ.

ಹಾಗೆಂದು ಯಾರು ಏನು ಬೇಕಾದರೂ ಅನ್ನಬಹುದೇ? ಇಲ್ಲ. ಅದಕ್ಕೇ ಕಾನೂನು ಇದೆ. 1955ರ ಕಾಯ್ದೆ ಅಸ್ಪೃಶ್ಯತೆಯ ಹೆಸರಲ್ಲಿ ಅವಮಾನಿಸುವುದನ್ನು ಅಪರಾಧ ಎಂದಿತು. 1989ರ ದೌರ್ಜನ್ಯ ತಡೆ ಕಾಯ್ದೆ, ಸಾರ್ವಜನಿಕರ ಕಣ್ಣೆದುರು, ಹೀನಾಯ ಮಾಡುವ ಉದ್ದೇಶದಿಂದ ಅವಮಾನಿಸಿದರೆ ಶಿಕ್ಷೆ ಎಂದಿತು. ಜಾತಿಯ ಹೆಸರು ಹಿಡಿದು ಬೈಯುವುದನ್ನು 2015ರ ತಿದ್ದುಪಡಿ ಪ್ರತ್ಯೇಕ ಅಪರಾಧವಾಗಿ ಸೇರಿಸಿತು. 2008ರಲ್ಲಿ ಸ್ವರಣ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 'ಚಮಾರ' ಎಂಬ ಪದದ ಬಗ್ಗೆ ಹೇಳಿದ್ದನ್ನು ಕಾರ್ಯಕರ್ತರು ನೆನಪಿಡಬೇಕು. ಪದ ಎಲ್ಲಿಂದ ಹುಟ್ಟಿತು ಎಂಬುದಲ್ಲ, ಬಳಕೆಯಲ್ಲಿ ಅದಕ್ಕೆ ಬಂದಿರುವ ಅರ್ಥ ಏನು ಎಂಬುದನ್ನು ನೋಡಬೇಕು ಎಂದಿತು ಕೋರ್ಟು. ನಮ್ಮ ಮಾತೂ ಅದೇ. ನಿಘಂಟು ತೋರಿಸಿ ತಪ್ಪಿಸಿಕೊಳ್ಳುವವರಿಗೆ ಇದು ಉತ್ತರ.

ಈಗ 2023ರ ಪ್ರಕರಣ ತೂಗಿ ನೋಡೋಣ. ಆ ವರ್ಷ ಆಗಸ್ಟ್ 12ರಂದು ನಟ ಉಪೇಂದ್ರ ತಮ್ಮ ಪಕ್ಷದ ವಾರ್ಷಿಕೋತ್ಸವದ ನೇರಪ್ರಸಾರದಲ್ಲಿ ಟೀಕಾಕಾರರ ಬಗ್ಗೆ ಹೇಳುತ್ತ, ಊರು ಅಂದಮೇಲೆ ಹೊಲಗೇರಿ ಇರುತ್ತೆ ಎಂಬ ಗಾದೆ ಬಳಸಿದರು. ಪ್ರತಿಭಟನೆಯಾಯಿತು, ಅವರು ಕ್ಷಮೆ ಕೇಳಿದರು, ಬೆಂಗಳೂರಿನಲ್ಲಿ ದೌರ್ಜನ್ಯ ಕಾಯ್ದೆಯ ಕೆಳಗೆ ಪ್ರಕರಣ ದಾಖಲಾಯಿತು, ಆಗಸ್ಟ್ 14ರಂದು ಹೈಕೋರ್ಟು ತಡೆಯಾಜ್ಞೆ ಕೊಟ್ಟಿತು. 'ಹೊಲಗೇರಿ' ಎಂಬ ಪದ ತಾನಾಗಿ ಬೈಗುಳವಲ್ಲ. 'ನಮ್ಮ ಹೊಲಗೇರಿ' ಎಂದು ನಾವೇ ಹೇಳುತ್ತೇವೆ, ಅಲ್ಲಿ ಹುಟ್ಟಿದ್ದೇವೆ, ಅಲ್ಲಿ ಬೆಳೆದಿದ್ದೇವೆ. ಆದರೆ ಆ ಗಾದೆಯಲ್ಲಿ ಊರು ಅಂದರೆ ಒಳ್ಳೆಯದು, ಹೊಲಗೇರಿ ಅಂದರೆ ಹೊಲಸು. ಅಲ್ಲಿ ನಮ್ಮ ಮನೆ ಮಠ ಕೊಳಕಿಗೆ ಉಪಮೆಯಾಗುತ್ತದೆ. ಕುಟುಕುವುದು ಪದವಲ್ಲ, ಉಪಮೆ. ಅದಕ್ಕೇ 'ಬರೀ ಗಾದೆ' ಎಂಬ ಸಮಜಾಯಿಷಿ ನಡೆಯುವುದಿಲ್ಲ. ಹಾಗೆಯೇ, ಈ ಭಯಕ್ಕೆ ಬಿದ್ದು 'ಹೊಲಗೇರಿ' ಪದವನ್ನೇ ಚರಿತ್ರೆಯ ಪುಸ್ತಕದಿಂದ ತೆಗೆಯಿರಿ ಎಂದರೂ ನಾವು ಒಪ್ಪುವುದಿಲ್ಲ. ಪ್ರತಿ ಊರೂ ಒಂದು ಹೊಲಗೇರಿಯನ್ನು ಹೊರಗಿಟ್ಟೇ ಊರಾಯಿತು. ಆ ಸತ್ಯ ಹೇಳಲು ಆ ಪದವೇ ಬೇಕು.

ಹಾಗಾಗಿ ಕಾರ್ಯಕರ್ತರಲ್ಲಿ ನಮ್ಮ ಬಿನ್ನಹ: ಪದ ಕಿವಿಗೆ ಬಿದ್ದ ಕೂಡಲೇ ಠಾಣೆಗೆ ಓಡಬೇಡಿ, ಕೇಳಿದರೂ ಕೇಳದಂತೆ ಕೂರಬೇಡಿ. ಮೂರು ಪ್ರಶ್ನೆ ಕೇಳಿ. ಆಡಿದವನಿಗೂ ಆಡಿಸಿಕೊಂಡವನಿಗೂ ನಡುವೆ ಇರುವ ಸಂಬಂಧ ಏನು? ಆ ಮಾತು ಮನುಷ್ಯನನ್ನು ಕುಗ್ಗಿಸಲು ಬಂತೇ, ಇದ್ದದ್ದನ್ನು ಹೇಳಲು ಬಂತೇ? ಅವನು ತಿರುಗಿ ಅದೇ ದನಿಯಲ್ಲಿ ಉತ್ತರ ಕೊಡಬಲ್ಲನೇ? ಈ ಎಚ್ಚರ ಸುಮ್ಮನೆ ಹೇಳುತ್ತಿಲ್ಲ. 2018ರ ಮಾರ್ಚ್‌ನಲ್ಲಿ ದುರುಪಯೋಗದ ಮಾತು ಮುಂದಿಟ್ಟು ಸುಪ್ರೀಂ ಕೋರ್ಟು ಈ ಕಾಯ್ದೆಯನ್ನು ಸಡಿಲ ಮಾಡಿತ್ತು. ಏಪ್ರಿಲ್ 2ರಂದು ದೇಶದುದ್ದಕ್ಕೂ ನಮ್ಮ ಜನ ಬೀದಿಗಿಳಿದ ಮೇಲೆ ಪಾರ್ಲಿಮೆಂಟು ಅದನ್ನು ಮತ್ತೆ ಬಿಗಿ ಮಾಡಿತು. ಅದಕ್ಕೆ ಜೀವಗಳನ್ನು ತೆತ್ತಿದ್ದೇವೆ. ಅಂಥ ಆಯುಧವನ್ನು ಪಾಪದ ಪದದ ಮೇಲೆ ಬೀಸಿದರೆ, ನಿಜವಾದ ಬೈಗುಳ ಬಂದ ದಿನ ಅದು ಮೊಂಡಾಗಿರುತ್ತದೆ.

ಕೊನೆಗೆ, ಮಡಿ ಉಡಿಸಿದ ಪದಗಳಿಗೆ ನಾವು ತೆತ್ತ ಬೆಲೆ ನೋಡಿ. 2024ರ ಆಗಸ್ಟ್ 1ರಂದು ಒಳಮೀಸಲಾತಿಗೆ ಸುಪ್ರೀಂ ಕೋರ್ಟು ದಾರಿ ಬಿಟ್ಟಿತು. ಕರ್ನಾಟಕದಲ್ಲಿ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನದಾಸ್ ಆಯೋಗದ ಮುಂದೆ ಬಂದ ದೊಡ್ಡ ತೊಡಕು ಯಾವುದು? ಆದಿ ಕರ್ನಾಟಕ, ಆದಿ ದ್ರಾವಿಡ, ಆದಿ ಆಂಧ್ರ. ಒಂದು ಸೀಮೆಯಲ್ಲಿ ಎ.ಕೆ. ಅಂದರೆ ಹೊಲೆಯರು, ಇನ್ನೊಂದು ಸೀಮೆಯಲ್ಲಿ ಮಾದಿಗರು. 101 ಜಾತಿಗಳ ಪಟ್ಟಿಯಲ್ಲಿ ಆ ಮೂರು ಹೆಸರುಗಳೂ ಬೇರೆ ಬೇರೆ ಜಾತಿಗಳ ಹಾಗೆ ಕೂತಿವೆ. ಯಾರು ಎಷ್ಟು ಹಿಂದುಳಿದಿದ್ದಾರೆ ಎಂದು ಎಣಿಸಲು ಹೋದರೆ ಆ ಸಭ್ಯ ಹೆಸರಿನ ಹಿಂದೆ ಜನರೇ ಕಾಣುವುದಿಲ್ಲ. 2025ರ ಮೇ ತಿಂಗಳಲ್ಲಿ ಮನೆಮನೆಗೆ ಹೋಗಿ ಹೊಸದಾಗಿ ಕೇಳಬೇಕಾಯಿತು. ಪಟ್ಟಣದ ಬಾಡಿಗೆ ಮನೆಯಲ್ಲಿ ಇರುವ ನಮ್ಮವರು ಮಾಲೀಕನ ಕಿವಿಗೆ ಬಿದ್ದೀತೆಂದು ಹೊಲೆಯ, ಮಾದಿಗ ಎಂದು ಹೇಳಲು ಹಿಂಜರಿದರು. ಆಗಸ್ಟ್ 4ರಂದು ಬಂದ ವರದಿ, ಎ.ಕೆ., ಎ.ಡಿ., ಎ.ಎ. ಎಂದಷ್ಟೇ ಬರೆಸಿದವರಿಗೆ ಶೇಕಡಾ 1ರ ಪ್ರತ್ಯೇಕ ಗುಂಪು ಮಾಡಿತು. ಆಗಸ್ಟ್ 19ರಂದು ಸಂಪುಟ ಆ ಗುಂಪನ್ನು ಬಿಟ್ಟು 6-6-5ರ ಹಂಚಿಕೆಗೆ ಒಪ್ಪಿತು. ನೂರು ವರ್ಷದ ಹಿಂದೆ ಮೈಲಿಗೆ ಮುಚ್ಚಲು ಹೊದಿಸಿದ ಬಟ್ಟೆ ಇಂದು ನಮ್ಮ ಪಾಲಿನ ಲೆಕ್ಕವನ್ನೇ ಮುಚ್ಚಿತು.

ಹಳ್ಳಿಯ ಮೇಷ್ಟ್ರುಗಳೇ, ನಿಮ್ಮ ಕೈಯಲ್ಲಿ ಹಾಜರಿ ಪುಸ್ತಕವಿದೆ. ಮಾದನನ್ನು ಮಹೇಶ ಮಾಡಬೇಡಿ. ಗೌಡರ ಮಗನಿಗೆ ಯಾವ ದನಿಯೋ ಮಾದನಿಗೂ ಅದೇ ದನಿ, ಅವನ ಅಪ್ಪನ ಹೆಸರಿಗೂ ಅದೇ 'ಅಯ್ಯ', ಇಬ್ಬರಿಗೂ ಒಂದೇ ಬೆಂಚು, ಒಂದೇ ಲೋಟ. ಅಷ್ಟು ಮಾಡಿ. ವಿದ್ಯಾರ್ಥಿಗಳೇ, ನಿಮ್ಮ ಅಜ್ಜ ಅಜ್ಜಿಯ ಬಾಯಿಂದ ಈ ಪದಗಳ ಚರಿತ್ರೆ ಬರೆದುಕೊಳ್ಳಿ, ಯಾರು ಯಾರಿಗೆ ಯಾವಾಗ ಏನೆಂದರು ಎಂಬ ಸಮೇತ. ಕಾರ್ಯಕರ್ತರೇ, ಕೇರಿಯ ಹೆಸರು ಬದಲಿಸುವ ಅರ್ಜಿಯ ಜೊತೆಗೇ ಹಕ್ಕುಪತ್ರದ, ಸ್ಮಶಾನದ, ಚರಂಡಿಯ ಅರ್ಜಿಯನ್ನೂ ಪಿನ್ನು ಹೊಡೆದು ಕೊಡಿ. ಎರಡಕ್ಕೂ ಒಂದೇ ದಿನ ಉತ್ತರ ಕೇಳಿ. ಹೊಲ ಸಿಕ್ಕವನಿಗೆ ಹೊಲೆಯ ಎಂಬ ಪದ ಭಾರವಾಗುವುದಿಲ್ಲ.